ಚಪ್ಪರಕ್ಕೆ ಎಷ್ಟು ಕೈ?

ಛತ್ರ ಗೊತ್ತುಮಾಡಿ, ಅಡುಗೆಯವರಿಗೆ ಮುಂಗಡ ಕೊಟ್ಟು, ಜವಳಿ ಮುಗಿಸಿ ಉಸ್ಸಪ್ಪಾ ಎಂದು ಕೂತ ಹೊತ್ತಿಗೆ ಡೆಕೊರೇಷನ್‌ನವರ ಆಲ್ಬಂ ಮನೆಗೆ ಬರುತ್ತದೆ. ಮೊದಲ ಪುಟದಲ್ಲಿ ಬಿಳಿ ಆರ್ಕಿಡ್, ಎರಡನೆಯದರಲ್ಲಿ ಗಾಜಿನ ತೂಗುದೀಪ, ಮೂರನೆಯದರಲ್ಲಿ ಅರಮನೆಯ ಕಮಾನು. ಪುಟ ಮಗುಚಿದಂತೆಲ್ಲ ಮೊತ್ತ ಏರುತ್ತದೆ. ಊಟದ ಖರ್ಚಿಗೆ ಕತ್ತರಿ ಹಾಕುವಂತಿಲ್ಲ. ಒಡವೆ ಕಡಿಮೆ ಮಾಡಿದರೆ ಬೀಗರ ಮುಖ ನೋಡಬೇಕು. ಉಳಿಯುವುದು ಅಲಂಕಾರ ಒಂದೇ. ‘ಇಷ್ಟೇ ತಾನೆ, ನಾವೇ ಮಾಡ್ಕೊಂಡ್ರೆ ಆಗಲ್ವಾ?’ ಎಂದು ಮನೆಯಲ್ಲಿ ಒಬ್ಬರಾದರೂ ಕೇಳೇ ಕೇಳುತ್ತಾರೆ.

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಹಾಗೆ ಕೇಳಿದವರು ರೂಪಾಯಿ ಲೆಕ್ಕ ಹಾಕುವ ಮೊದಲು ಕೈಗಳ ಲೆಕ್ಕ ಹಾಕಬೇಕು. ಮಾವಿನೆಲೆಗೆ, ತೆಂಗಿನ ಗರಿಗೆ ಹಣ ಕೊಡಬೇಕಾಗಿಲ್ಲದಿರಬಹುದು. ಅದನ್ನು ಹೆಣೆಯುವವರು ಬೇಕು, ಅವರಿಗೆ ಹೊತ್ತಿರಬೇಕು, ಕೂರಲು ಜಗಲಿ ಇರಬೇಕು, ನಡುನಡುವೆ ಕಾಫಿ ಬರುತ್ತಿರಬೇಕು. ಇದನ್ನು ಮರೆತು ಮದುಮಗಳೊಬ್ಬಳೇ ಯೂಟ್ಯೂಬ್ ಮುಂದಿಟ್ಟುಕೊಂಡು ಅಂಟು, ಕತ್ತರಿ, ಸ್ಯಾಟಿನ್ ಟೇಪು ಹಿಡಿದು ಕೂತ ಮನೆಗಳಲ್ಲಿ ಉಳಿತಾಯವೂ ಆಗಿಲ್ಲ, ನಿದ್ದೆಯೂ ಆಗಿಲ್ಲ.

ತೋಟದ್ದು, ಊರಿನದ್ದು

ಗುತ್ತಿಗೆಯ ಅಲಂಕಾರ ಬರುವ ಮುನ್ನ ನಮ್ಮ ಮದುವೆಗಳು ಬೋಳಾಗಿರಲಿಲ್ಲ. ಮಲೆನಾಡಿನಲ್ಲಿ ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಕಟ್ಟಿ, ಸೋಗೆ ಹೊದೆಸಿದರೆ ಅಂಗಳವೇ ಸಭಾಂಗಣ. ಕರಾವಳಿಯಲ್ಲಿ ಹೆಣೆದ ತೆಂಗಿನ ಮಡಲು. ಮೈಸೂರು ಸೀಮೆಯಲ್ಲಿ ಹಸಿರು ಚಪ್ಪರ, ಬಾಗಿಲಿಗೆ ಗೊನೆಬಿಟ್ಟ ಜೋಡಿ ಬಾಳೆಕಂದು, ಮಂಟಪಕ್ಕೆ ಹೊಂಬಾಳೆ. ಉತ್ತರ ಕರ್ನಾಟಕದಲ್ಲಿ ಹಂದರ ಹಾಕಿ, ಹಾಲಗಂಬ ನೆಟ್ಟು, ಕುಂಬಾರರ ಮನೆಯಿಂದ ಬಣ್ಣ ಬಳಿದ ಐರಾಣಿ ಮಡಕೆಗಳನ್ನು ಬಾಜಾಭಜಂತ್ರಿಯೊಂದಿಗೆ ತಂದು ಇರಿಸುತ್ತಿದ್ದರು. ಸಾಗರ, ಸೊರಬ, ಶಿರಸಿ ಕಡೆಯ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಮದುಮಕ್ಕಳ ಹಣೆಗೆ ಕಟ್ಟುವ ಬೆಂಡಿನ ಬಾಸಿಂಗವೂ ಅವರ ಕೈಯದೇ.

ಇದೆಲ್ಲ ಪುಕ್ಕಟೆ ಸಿಗುತ್ತಿತ್ತು ಎಂದು ಈಗ ಅನ್ನಿಸುವುದುಂಟು. ಹಾಗೇನಿಲ್ಲ. ಚಪ್ಪರಕ್ಕೆ ಬಂದವರಿಗೆ ಕೂಲಿ ಇರಲಿಲ್ಲ, ಆದರೆ ಮುಯ್ಯಿ ಇತ್ತು. ಇಂದು ನಮ್ಮ ಮನೆಗೆ ಬಂದವರ ಮನೆಯಲ್ಲಿ ನಾಳೆ ಮದುವೆಯಾದರೆ ಕತ್ತಿ ಹಿಡಿದು ನಾವು ಹೋಗಬೇಕು. ಸಾಮಗ್ರಿಗೂ ಬೆಲೆಯಿತ್ತು. ಅಡಿಕೆಯ ಸಿಂಗಾರ ಒಂದನ್ನು ಕೊಯ್ದು ಮಂಟಪಕ್ಕೆ ಕಟ್ಟಿದರೆ ಆ ವರ್ಷ ಆ ಮರದಲ್ಲಿ ಒಂದು ಗೊನೆ ಹೋದಂತೆ. ಅದಕ್ಕೇ ಹಿರಿಯರು ಸಿಂಗಾರವನ್ನು ಧಾರಾಳವಾಗಿ ಬಳಸುತ್ತಿರಲಿಲ್ಲ. ಧಾರೆ ಮಂಟಪದ ನಾಲ್ಕು ಮೂಲೆಗೆ, ದೇವರ ಮುಂದೆ, ಅಲ್ಲಿಗೆ ಮುಗಿಯಿತು. ಉಳಿದ ಜಾಗವನ್ನೆಲ್ಲ ತುಂಬುತ್ತಿದ್ದುದು ಮಾವಿನೆಲೆ ಮತ್ತು ತೆಂಗಿನ ಗರಿ. ಬೆಲೆಬಾಳುವುದನ್ನು ಕಣ್ಣು ನಿಲ್ಲುವ ಜಾಗದಲ್ಲಿ ಮಾತ್ರ ಇಡುವ ಈ ಲೆಕ್ಕ ಇವತ್ತಿನ ಛತ್ರಕ್ಕೂ ಹೊಂದುತ್ತದೆ.

ಅಕ್ಕಿ, ಕೆಮ್ಮಣ್ಣು, ಪುಂಡಿನಾರು

ಕೈಯಿಂದಲೇ ಆಗುವ ಮದುವೆ ಅಲಂಕಾರದಲ್ಲಿ ನಮ್ಮ ನಾಡಿನ ಅತ್ಯುತ್ತಮ ಮಾದರಿ ಯಾವುದು ಎಂದು ಕೇಳಿದರೆ ನಾನು ಹಸೆ ಚಿತ್ತಾರದ ಕಡೆ ಕೈ ತೋರಿಸುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಮತ್ತು ಪಕ್ಕದ ಸಿದ್ದಾಪುರದ ಸುತ್ತ ದೀವರ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುವ ಚಿತ್ತಾರವಿದು. ಮದುಮಕ್ಕಳನ್ನು ಹಸೆಗೆ ಕೂರಿಸುವುದು ಆ ಗೋಡೆಯ ಮುಂದೆ. ಅಂಗಡಿಯಿಂದ ತರುವ ಸಾಮಾನು ಹೆಚ್ಚುಕಡಿಮೆ ಏನೂ ಇಲ್ಲ. ಗೋಡೆಗೆ ಕೆಮ್ಮಣ್ಣಿನ ಲೇಪ, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸೀಯುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿಯ ನಾರು.

ಆ ಕಡೆಯ ಮದುವೆ ಮನೆಯೊಂದರಲ್ಲಿ ಹೆಂಗಸರು ಬರೆಯುವುದನ್ನು ಹತ್ತಿರ ಕೂತು ನೋಡಿದ್ದೇನೆ. ನಡುವಯಸ್ಸಿನ ಹೆಂಗಸೊಬ್ಬರು ನಾರಿನ ತುದಿಯನ್ನು ಹಲ್ಲಿನಲ್ಲಿ ಜಜ್ಜಿ ಹದಮಾಡಿಕೊಂಡು, ತೆಂಗಿನ ಚಿಪ್ಪಿನಲ್ಲಿದ್ದ ಅಕ್ಕಿ ಬಣ್ಣಕ್ಕೆ ಅದ್ದಿ, ಅಂಚಿಗೆ ಒಮ್ಮೆ ಒರೆಸಿ ಗೆರೆ ಎಳೆಯುತ್ತಿದ್ದರು. ಬಣ್ಣ ಹೆಚ್ಚಾದರೆ ಗೆರೆ ಇಳಿದುಬಿಡುತ್ತದೆ, ಕಡಿಮೆಯಾದರೆ ನಡುವೆ ತುಂಡಾಗುತ್ತದೆ. ಎಳೆದ ಕೂಡಲೇ ಗೆರೆ ಮಂಕಾಗಿ ಕಂಡಿತು. ಒಣಗುತ್ತ ಬಂದಂತೆ ಬೆಳ್ಳಗೆ ಎದ್ದು ನಿಂತಿತು. ಪಕ್ಕದಲ್ಲಿ ಕಲಿಯುತ್ತಿದ್ದ ತಂಗಿಯ ಮಗಳ ಕೈ ನಡುಗುತ್ತಿತ್ತು. ‘ಗೆರೆ ನೋಡಬ್ಯಾಡ ಮಗಾ, ಎರಡು ಗೆರೆ ನಡುವಿನ ಕೆಂಪು ನೋಡು. ಅದು ಸಮ ಇದ್ರೆ ಗೆರೆ ತಾನೇ ನೆಟ್ಟಗಾಗ್ತದೆ’ ಅಂದರು ದೊಡ್ಡಮ್ಮ. ಹುಡುಗಿ ಮತ್ತೆ ನಾರು ಅದ್ದಿದಳು. ದಂಡಿಗೆ, ಏಣಿ, ಮೊಗ್ಗು ಒಂದೊಂದಾಗಿ ಮೂಡುತ್ತ ಹೋದವು. ಒಬ್ಬರು ಬರೆಯುತ್ತಿದ್ದರೆ ನಾಲ್ವರು ಹಾಡು ಹೇಳುತ್ತಿದ್ದರು.

ಬೆಂಗಳೂರಿನ ಛತ್ರದ ಗೋಡೆಗೆ ಕೆಮ್ಮಣ್ಣು ಬಳಿಯಲು ಮ್ಯಾನೇಜರು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಇದನ್ನೇ ಮೊರದ ಮೇಲೆ ಬರೆಯಬಹುದು. ಮೇದಾರರ ಹತ್ತಿರ ಹತ್ತು ಬಿದಿರಿನ ಮೊರ ಕೊಂಡು, ಕೆಮ್ಮಣ್ಣನ್ನು ತೆಳು ಅಂಟಿನಲ್ಲಿ ಕಲೆಸಿ ಎರಡು ಸಲ ಬಳಿದು, ಒಣಗಿದ ಮೇಲೆ ಬಿಳಿಯ ಎಳೆ ಎಳೆದರೆ ಮಂಟಪದ ಹಿಂಬದಿಗೆ ಒಂದು ಸಾಲಾಯಿತು. ಚಿತ್ತಾರ ಬರೆಯುವವರು ಪರಿಚಯದಲ್ಲಿದ್ದರೆ ಅವರಿಂದಲೇ ಬರೆಸಿ, ಕೇಳಿದ ಹಣ ಕೊಡುವುದು ಲೇಸು. ಆ ಕೈಗೆಲಸಕ್ಕೆ ಚೌಕಾಸಿ ಸಲ್ಲದು. ಚಿತ್ತಾರ ಬರೆಯದೆ ಕೆಲವು ಮೊರಗಳಿಗೆ ಬರಿಯ ಅಂಚು ಕಟ್ಟಿ ಇಟ್ಟುಕೊಂಡರೆ ಮುಂದಿನ ಗೌರಿ ಹಬ್ಬದ ಬಾಗಿನಕ್ಕೂ ಆದವು.

ಛತ್ರದ ಕರಾರು ಮೊದಲು ಓದಿ

ಹಳ್ಳಿಯ ಅಂಗಳಕ್ಕೂ ಪಟ್ಟಣದ ಛತ್ರಕ್ಕೂ ದೊಡ್ಡ ವ್ಯತ್ಯಾಸ ಹೊತ್ತಿನದು. ಅಂಗಳ ನಮ್ಮದು, ವಾರಗಟ್ಟಲೆ ಕೆಲಸ ನಡೆಯಬಹುದು. ಛತ್ರ ಕೈಗೆ ಸಿಗುವುದು ಹಿಂದಿನ ದಿನ. ಅದೇ ಸಂಜೆ ಆರತಕ್ಷತೆ ಇದ್ದರೆ ಅಲಂಕಾರಕ್ಕೆ ಮೂರೋ ನಾಲ್ಕೋ ಗಂಟೆ. ಹೀಗಾಗಿ ಸ್ಥಳದಲ್ಲಿ ಕೂತು ಮಾಡುವ ಕೆಲಸ ಕಡಿಮೆಯಾಗಬೇಕು. ಮನೆಯಲ್ಲೇ ಬಿದಿರಿನ ಚೌಕಟ್ಟುಗಳಿಗೆ ಎಲ್ಲವನ್ನೂ ಕಟ್ಟಿ, ಟಾಟಾ ಏಸ್‌ನಲ್ಲಿ ತಂದು, ಅಲ್ಲಿ ಬರೀ ನಿಲ್ಲಿಸುವಂತಿರಬೇಕು. ಚೌಕಟ್ಟು ಗಾಡಿಯೊಳಗೆ ಹಿಡಿಸುತ್ತದೆಯೇ, ಛತ್ರದ ಬಾಗಿಲಲ್ಲಿ ತೂರುತ್ತದೆಯೇ ಎಂದು ಟೇಪು ಹಿಡಿದು ಮೊದಲೇ ನೋಡಿಕೊಳ್ಳಬೇಕು.

ಎರಡನೆಯದು ಕರಾರು. ಅನೇಕ ಛತ್ರಗಳಲ್ಲಿ ಅವರು ಹೇಳಿದ ಡೆಕೊರೇಷನ್‌ನವರನ್ನೇ ಕರೆಯಬೇಕು, ಹೊರಗಿನವರು ಬಂದರೆ ಪ್ರತ್ಯೇಕ ಶುಲ್ಕ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಟೇಪು ಅಂಟಿಸುವಂತಿಲ್ಲ. ಮುಂಗಡ ಕೊಡುವ ಮುನ್ನವೇ ಇದನ್ನು ಬಾಯಿಬಿಟ್ಟು ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಮನೆಯವರೇ ಕೈಯಾರೆ ಮಾಡುವುದಕ್ಕೆ ಅಡ್ಡಿಯಿಲ್ಲ ಎಂದು ಒಪ್ಪುವವರು ಇದ್ದಾರೆ. ಮೊಳೆ ಬೇಡವೆಂದರೆ ಕಿಟಕಿಯ ಸರಳು, ಕಂಬ, ವೇದಿಕೆಯ ಕೊಕ್ಕೆ ಎಲ್ಲೆಲ್ಲಿವೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಸಾಕು, ಸೆಣಬಿನ ಹುರಿ ಉಳಿದ ಕೆಲಸ ಮಾಡುತ್ತದೆ.

ಬೀರುವಿನಲ್ಲಿರುವ ಪರದೆ

ವೇದಿಕೆಯ ಹಿಂಬದಿಗೆ ಬಾಡಿಗೆ ಪರದೆಯ ಬದಲು ಮನೆಯ ಸೀರೆಗಳನ್ನೇ ಇಳಿಬಿಡುವುದು ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಕಳೆಕೊಡುವ ಉಪಾಯ. ಲೆಕ್ಕವೂ ಸರಾಗ. ಆರು ಗಜದ ಸೀರೆ ಸುಮಾರು ಐದೂವರೆ ಮೀಟರ್, ಅಂದರೆ 18 ಅಡಿ. 9 ಅಡಿ ಎತ್ತರದಲ್ಲಿ ಗಳ ಕಟ್ಟಿ ಸೀರೆಯನ್ನು ನಡುವಿಗೆ ಮಡಚಿ ಇಳಿಬಿಟ್ಟರೆ ಮುಂದೆ 9, ಹಿಂದೆ 9 ಅಡಿ, ಸರಿಯಾಗಿ ನೆಲ ಮುಟ್ಟುತ್ತದೆ. ಪಿನ್ನು ಚುಚ್ಚುವ ಪ್ರಮೇಯವೇ ಇಲ್ಲ. ಅಗಲ ನಾಲ್ಕು ಅಡಿಗೆ ತುಸು ಕಡಿಮೆ ಇರುತ್ತದೆ. ನೆರಿಗೆ ಹಿಡಿದು ಎರಡು ಅಡಿಗೆ ಕೂಡಿಸಿದರೆ 12 ಅಡಿ ವೇದಿಕೆಗೆ ಆರು ಸೀರೆ. ಒಂದೇ ಬಣ್ಣದ ಛಾಯೆಗಳನ್ನು ಆರಿಸಿಕೊಳ್ಳಬೇಕು: ಅರಿಸಿನ, ಕಿತ್ತಳೆ, ಕುಂಕುಮ ಹೀಗೆ. ಆರು ಸೀರೆ ಆರು ಬಣ್ಣವಾದರೆ ಸಂತೆಯ ಜವಳಿ ಸಾಲು ಕಂಡಂತಾಗುತ್ತದೆ.

ಅಜ್ಜಿಯ ಮದುವೆ ಸೀರೆ, ಅತ್ತೆಯ ಧಾರೆ ಸೀರೆ ಅಲ್ಲಿ ತೂಗುತ್ತಿದ್ದರೆ ನೆಂಟರಿಗೆ ಮಾತಾಡಲು ವಿಷಯ ಸಿಗುತ್ತದೆ. ‘ಇದು ನಮ್ಮಕ್ಕನ ಸೀರೆ ಅಲ್ವೇನೇ?’ ಎಂದು ವೇದಿಕೆಯ ಹತ್ತಿರ ಬಂದು ಅಂಚು ಮುಟ್ಟಿ ನೋಡುವವರು ಇದ್ದೇ ಇರುತ್ತಾರೆ. ಹಳೆಯ ರೇಷ್ಮೆ ಮಡಿಕೆಯಲ್ಲೇ ಬಿರಿದಿದ್ದರೆ ಅದನ್ನು ತೂಗುಹಾಕಬಾರದು, ತನ್ನ ಭಾರಕ್ಕೇ ಸೀಳುತ್ತದೆ. ಹೋಮಕುಂಡದಿಂದ, ದೀಪದ ಕಂಬದಿಂದ ಸೀರೆ ಕೈಗೆಟುಕದಷ್ಟು ದೂರವಿರಬೇಕು, ಒಂದು ಬಕೆಟ್ ನೀರು ಮಂಟಪದ ಹಿಂದೆ ಇರಬೇಕು.

ದೂರಕ್ಕೆ ಚೆಂಡು ಹೂವು, ಹತ್ತಿರಕ್ಕೆ ಮಲ್ಲಿಗೆ

ಹೂವಿನ ಖರ್ಚು ಕೈಮೀರುವುದು ಎಲ್ಲ ಕಡೆಗೂ ಒಂದೇ ಹೂವು ಬಯಸಿದಾಗ. ಉಡುಪಿಯ ಶಂಕರಪುರದ ಮಲ್ಲಿಗೆಯನ್ನೇ ನೋಡಿ. ಅಲ್ಲಿ ಸುಮಾರು 800 ಹೂವು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆ ಹಂಗಾಮಿನಲ್ಲಿ ಅಟ್ಟೆಯ ದರ ಎರಡು ಸಾವಿರ ರೂಪಾಯಿ ದಾಟುವುದುಂಟು. ಅಂಥ ಹೂವನ್ನು 20 ಅಡಿ ದೂರದ ಗೋಡೆಗೆ ತೂಗುಹಾಕಿದರೆ ಊಟದ ಸಾಲಿನಲ್ಲಿ ಕೂತವರಿಗೆ ಬಿಳಿ ಗೆರೆಯಷ್ಟೇ ಕಾಣುತ್ತದೆ, ಪರಿಮಳ ತಲುಪುವುದಿಲ್ಲ. ಉಡುಪಿಯದಾಗಲಿ, ಮೈಸೂರಿನದಾಗಲಿ, ಹಡಗಲಿಯದಾಗಲಿ, ಮಲ್ಲಿಗೆ ಇರಬೇಕಾದ್ದು ಮೂಗಿನ ಅಳತೆಯಲ್ಲಿ: ಮುಡಿಗೆ, ಹಾರಕ್ಕೆ, ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ತಟ್ಟೆಗೆ.

ದೂರಕ್ಕೆ ಕಾಣುವ ಕೆಲಸ ಚೆಂಡು ಹೂವಿನದು. 12 ಅಡಿ ಅಗಲ, 8 ಅಡಿ ಎತ್ತರದ ಹಿಂಬದಿಗೆ ಅರ್ಧ ಅಡಿಗೊಂದರಂತೆ ಸರ ಇಳಿಬಿಟ್ಟರೆ 25 ಸರ, 200 ಅಡಿ ಉದ್ದ. ಎರಡಿಂಚಿನ ಹೂವಾದರೆ ಅಡಿಗೆ ಆರು, ಒಟ್ಟು 1,200 ಹೂವು. ಸೂಜಿಯಲ್ಲಿ ಪೋಣಿಸಲು ನಾಲ್ವರಿಗೆ ಒಂದೂವರೆ, ಎರಡು ಗಂಟೆ ಹಿಡಿಯುತ್ತದೆ. ಪ್ರತಿ ಹೂವಿನ ನಡುವೆ ಎರಡೆರಡು ಮಡಚಿದ ಮಾವಿನೆಲೆ ಸೇರಿಸಿದರೆ ಹೂವು ಅರ್ಧಕ್ಕಿಳಿಯುತ್ತದೆ, ಹಸಿರು–ಕಿತ್ತಳೆ ಸೇರಿ ಇನ್ನೂ ಚೆನ್ನಾಗಿಯೇ ಕಾಣುತ್ತದೆ. ಮದುವೆ ದಿನಾಂಕಕ್ಕೆ ನಮ್ಮ ಕೈಯಲ್ಲಿ ಸ್ವಲ್ಪ ಸಡಿಲವಿದ್ದರೆ ಶ್ರಾವಣದ ಹಬ್ಬಗಳ ಆಸುಪಾಸು ತಪ್ಪಿಸುವುದು ಒಳ್ಳೆಯದು. ವರಮಹಾಲಕ್ಷ್ಮಿಗೆ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಏನಾಗುತ್ತದೆಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.

ಮಲ್ಲಿಗೆ ಕಟ್ಟುವುದು ಬೇರೆ ವಿದ್ಯೆ. ಬಾಳೆನಾರನ್ನು ನೀರಿನಲ್ಲಿ ನೆನೆಸಿ, ಬೇಕಾದಷ್ಟು ತೆಳ್ಳಗೆ ಸೀಳಿಕೊಳ್ಳಬೇಕು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ಮುಖಮಾಡಿ ಜೋಡಿಸಿ, ತೊಟ್ಟಿಗೆ ನಾರು ಒಂದು ಸುತ್ತು ಹಾಕಿ, ಬೆರಳಿಗೆ ಕುಣಿಕೆ ಮಾಡಿ ಮೊಗ್ಗಿನ ಮೇಲೆ ಜಾರಿಸಿ ಎಳೆಯಬೇಕು. ಜೋರಾಗಿ ಎಳೆದರೆ ತೊಟ್ಟು ಕತ್ತರಿಸುತ್ತದೆ, ಸಡಿಲವಾದರೆ ಹೂವು ಉದುರುತ್ತದೆ. ಬರುವವರು ಮಾತಾಡುತ್ತಲೇ ಮೊಳಗಟ್ಟಲೆ ಕಟ್ಟುತ್ತಾರೆ, ಬಾರದವರಿಗೆ ಮದುವೆಯ ಹಿಂದಿನ ರಾತ್ರಿ ಕಲಿಕೆಯ ಸಮಯವಲ್ಲ. ಅವರಿಗೆ ಸೂಜಿ, ಚೆಂಡು ಹೂವು ಕೊಟ್ಟು ಕೂರಿಸಬೇಕು.

ಯಾವುದು ಯಾವಾಗ

ಕೈಗೆಲಸದ ಮದುವೆ ಕೆಡುವುದು ಸಾಮಾನ್ಯವಾಗಿ ಎಲ್ಲವೂ ಕೊನೆಯ ರಾತ್ರಿಗೆ ಉಳಿದಾಗ. ಬಾಡದ್ದು ಮೊದಲು, ಬಾಡುವುದು ಕೊನೆಗೆ ಎಂಬ ಒಂದು ಸೂತ್ರ ಹಿಡಿದರೆ ಕೆಲಸ ತಾನಾಗಿ ಹಂಚಿಕೆಯಾಗುತ್ತದೆ.

ತಿಂಗಳ ಮೊದಲು: ಮೊರದ ಚಿತ್ತಾರ, ಹಳೆಯ ಜರಿ ಅಂಚುಗಳಿಂದ ಬಟ್ಟೆಯ ತೋರಣ, ಅಂತರಪಟದ ಕಸೂತಿ, ಹೆಸರಿನ ಫಲಕ. ಕೊಬ್ಬರಿ ಬಟ್ಟಲಿಗೆ ಬಣ್ಣ ಹಚ್ಚಿ ಕುಸುರಿ ಕೆತ್ತುವ ಕೆಲಸವೂ ಈಗಲೇ. ಮೈಸೂರು ಕಡೆಯ ಮನೆಗಳಲ್ಲಿ ಈ ಕೊಬ್ಬರಿ, ಬಣ್ಣದ ಅಕ್ಕಿಯ ಆರತಿ ತಟ್ಟೆ ಮಾಡುವ ಹಿರಿಯರು ಇನ್ನೂ ಇದ್ದಾರೆ. ಮೊಮ್ಮಗಳ ಮದುವೆಗೆ ಕೈಹಚ್ಚಿ ಎಂದರೆ ಇಲ್ಲವೆನ್ನುವುದಿಲ್ಲ.

ವಾರದ ಮೊದಲು: ಬಿದಿರಿನ ಚೌಕಟ್ಟು, ಹುರಿ ಅಳೆದು ಕತ್ತರಿಸಿ ಕಟ್ಟುಮಾಡುವುದು, ಸೀರೆಗಳ ಇಸ್ತ್ರಿ, ಹೂವಿನವರಿಗೆ ಮುಂಗಡ.

ಹಿಂದಿನ ದಿನ ಬೆಳಿಗ್ಗೆ: ಮಾವಿನ ತೋರಣ. ಎಲೆಯ ಬುಡವನ್ನು ಹುರಿಯ ಮೇಲೆ ಮಡಚಿ ತೆಂಗಿನ ಕಡ್ಡಿಯ ಚೂರು ಚುಚ್ಚಬೇಕು. ಸ್ಟೇಪ್ಲರ್ ಬೇಗ ಆಗುತ್ತದೆ ನಿಜ. ಆದರೆ ಆ ಪಿನ್ನು ಊಟದ ಎಲೆಗೂ ಬೀಳಬಹುದು, ಮಾರನೆಯ ದಿನ ತೋರಣ ತಿನ್ನುವ ಹಸುವಿನ ಹೊಟ್ಟೆಗೂ ಹೋಗಬಹುದು. ತೆಂಗಿನ ಎಳೆಗರಿಯ ಹೆಣಿಗೆಯೂ ಇದೇ ದಿನ. ಕರಾವಳಿಯಲ್ಲಿ ಭೂತದ ಕೋಲಕ್ಕೆ ‘ತಿರಿ’ ಎನ್ನುವ ಈ ಎಳೆಗರಿಯ ಉಡುಗೆ, ಅಲಂಕಾರ ಸಿದ್ಧಮಾಡುವವರ ಬೆರಳು ನೋಡಿದವರಿಗೆ ಒಂದು ಹಳದಿ ಗರಿಯಿಂದ ಏನೇನು ಮಾಡಬಹುದೆಂದು ಗೊತ್ತು. ಹಸಿ ಬಟ್ಟೆ ಹೊದೆಸಿಟ್ಟರೆ ಅದರ ಹೊಂಬಣ್ಣ ಮುಹೂರ್ತದವರೆಗೆ ನಿಲ್ಲುತ್ತದೆ.

ಹಿಂದಿನ ಸಂಜೆ: ಚೆಂಡು ಹೂವಿನ ಸರ, ನೆಲದ ರಂಗೋಲಿ. ಛತ್ರದಲ್ಲಿ ಪುಡಿ ರಂಗೋಲಿ ಹತ್ತು ನಿಮಿಷವೂ ಉಳಿಯದು, ಮಕ್ಕಳು ಓಡಾಡುತ್ತಾರೆ. ಅಕ್ಕಿಹಿಟ್ಟನ್ನು ನೀರಿನಲ್ಲಿ ಕಲೆಸಿ, ಬಟ್ಟೆಯ ಚೂರು ಅದ್ದಿ ಬೆರಳಿನಿಂದ ಎಳೆ ಬಿಡುವ ಒದ್ದೆ ರಂಗೋಲಿ, ಸುತ್ತ ಕೆಮ್ಮಣ್ಣಿನ ಅಂಚು. ಒಣಗಿದರೆ ಧಾರೆ ಮುಗಿಯುವವರೆಗೆ ಜಗ್ಗುವುದಿಲ್ಲ.

ಮುಹೂರ್ತದ ಬೆಳಿಗ್ಗೆ: ಬಾಳೆಕಂದು, ಸಿಂಗಾರ, ಬಿಡಿಹೂವು. ಬಾಳೆ ಎಲೆ ಗಾಳಿಗೆ ಹರಿದು ಬಿಸಿಲಿಗೆ ಜೋತುಬೀಳುವ ಜಾತಿ, ಹಿಂದಿನ ದಿನವೇ ಕಟ್ಟಿದರೆ ಫೋಟೊದಲ್ಲಿ ಅದೂ ದಣಿದಿರುತ್ತದೆ.

ಥರ್ಮಾಕೋಲಿನ ಕಾಲ ಮುಗಿಯಿತು

ಹೆಸರಿನ ಫಲಕದ ಮಾತು ಬಂತು. ವರನ ಹೆಸರು, ನಡುವೆ ‘ವೆಡ್ಸ್’, ಆಮೇಲೆ ವಧುವಿನ ಹೆಸರು, ಎಲ್ಲವೂ ಥರ್ಮಾಕೋಲಿನಲ್ಲಿ ಕೊರೆದು ಮಿರುಗುವ ಪುಡಿ ಉದುರಿಸಿದ್ದು. ಎರಡು ತಲೆಮಾರಿನ ಮದುವೆ ಆಲ್ಬಂಗಳಲ್ಲಿ ಇದಿದೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್, ಫ್ಲೆಕ್ಸ್, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಎರಡೂ ಇವೆ. ಕಾನೂನು ಹಾಗಿದ್ದರೂ ಅಂಗಡಿಯಲ್ಲಿ ಮಾಲು ಸಿಗುತ್ತಿದೆ, ಅದು ಬೇರೆ ಕಥೆ. ಮದುವೆಯ ಮಾರನೆಯ ದಿನ ಅದನ್ನು ಎಲ್ಲಿ ಬಿಸಾಡುವುದೆಂಬ ಪ್ರಶ್ನೆಗೆ ಮಾತ್ರ ಯಾರ ಹತ್ತಿರವೂ ಉತ್ತರವಿಲ್ಲ.

ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಭಾರ ಹೇರಿ ಚಪ್ಪಟೆ ಮಾಡಿ ಒಣಗಿಸಿ, ಕತ್ತರಿಯಲ್ಲಿ ಅಕ್ಷರ ಕತ್ತರಿಸಿದರೆ ತಿಳಿಗಂದು ಬಣ್ಣದ ಗಟ್ಟಿ ಅಕ್ಷರಗಳಾಗುತ್ತವೆ. ಹಾಳೆ ಸಿಗದ ಊರಲ್ಲಿ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮೇಲೆ ಬಣ್ಣದ ಅಕ್ಕಿ, ತೊಗರಿಬೇಳೆ, ಹೆಸರುಕಾಳು ಅಂಟಿಸಬಹುದು. ಕೆಲಸ ನಿಧಾನದ್ದು, ಆದರೆ ಮನೆಯ ಮಕ್ಕಳನ್ನು ಎರಡು ಮಧ್ಯಾಹ್ನ ಮೊಬೈಲಿನಿಂದ ಬಿಡಿಸಲು ಇಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಇಷ್ಟನ್ನು ಬಿಟ್ಟುಕೊಡಿ

ಎಲ್ಲವನ್ನೂ ನಾವೇ ಮಾಡುತ್ತೇವೆಂಬ ಹಟ ಬೇಡ. ವಿದ್ಯುತ್ ದೀಪ, ಎತ್ತರದ ಚಾವಣಿ, ವೇದಿಕೆಯ ಕಟ್ಟೋಣ, ಇವು ಕಸುಬಿನವರಿಗೆ ಸೇರಿದ್ದು. ಏಣಿ ಹತ್ತಿದ ಚಿಕ್ಕಪ್ಪ ಬಿದ್ದರೆ ಉಳಿಸಿದ ಹಣ ಆಸ್ಪತ್ರೆಗೆ ಹೋಗುತ್ತದೆ. ಅಲಂಕಾರದವರನ್ನೇ ಕರೆದು, ‘ಪೂರ್ತಿ ಪ್ಯಾಕೇಜ್ ಬೇಡ, ಲೈಟು, ಚೌಕಟ್ಟು ನಿಮ್ಮದು, ಹೂವು ಎಲೆ ನಮ್ಮದು’ ಎಂದು ಮಾತಾಡಿದರೆ ಒಪ್ಪುವವರು ಸಿಗುತ್ತಾರೆ. ವಧೂವರರನ್ನು, ಅವರ ತಾಯಂದಿರನ್ನು ಕೊನೆಯ ಎರಡು ದಿನ ಯಾವ ಕೆಲಸಕ್ಕೂ ಹಚ್ಚಬಾರದು. ಅವರಿಗೆ ಅವರದೇ ಶಾಸ್ತ್ರಗಳಿವೆ, ಮುಖದಲ್ಲಿ ಕಳೆಯೂ ಉಳಿಯಬೇಕು.

ಅಲಂಕಾರವೇ ಏಕೆ ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ಕುವೆಂಪು ಮಂತ್ರಮಾಂಗಲ್ಯದ ದಾರಿ ತೋರಿದರು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿ ಆಡಂಬರವಿಲ್ಲದೆ ಆಯಿತು. ಈಗಲೂ ಅನೇಕರು ಹಾಗೆ ಮದುವೆಯಾಗುತ್ತಾರೆ, ಇನ್ನು ಕೆಲವರು ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮನೆಗೆ ಬರುತ್ತಾರೆ. ಅಂಥ ಮನೆಯ ಬಾಗಿಲಿಗೂ ತೋರಣವೊಂದು, ಹೊಸಿಲಿಗೆ ಎರಡೆಳೆ ರಂಗೋಲಿ ಇದ್ದರೆ ಸರಳತೆಗೆ ಭಂಗವೇನಿಲ್ಲ. ಸಾಲ ಮಾಡಿ ಒಂದು ಸಂಜೆಗೆ ತಂದ ಆರ್ಕಿಡ್ಡಿಗೂ ನೆರೆಯವರು ಕೂತು ಚುಚ್ಚಿದ ಮಾವಿನೆಲೆಗೂ ಇರುವ ಅಂತರ ಬರೀ ಬೆಲೆಯದಲ್ಲ. ಎರಡನೆಯದಕ್ಕೆ ಆ ಮನೆಗೆ ಬಂದು ಕೂರುವ ಜನ ಬೇಕು.

ಹಾಗಾಗಿ ಡೆಕೊರೇಷನ್‌ನವರಿಗೆ ಫೋನು ಮಾಡುವ ಮುನ್ನ ಒಂದು ಹಾಳೆಯಲ್ಲಿ ಹೆಸರು ಬರೆಯಿರಿ. ಮದುವೆಗೆ ಬರುವವರ ಹೆಸರಲ್ಲ, ಅದರ ಹಿಂದಿನ ವಾರ ಸಂಜೆ ಬಂದು ನೆಲದ ಮೇಲೆ ಕೂರುವವರದು. ಎಂಟು ಹತ್ತು ಹೆಸರು ಸಿಕ್ಕಿದರೆ ಮೇಲೆ ಹೇಳಿದ್ದೆಲ್ಲ ಆಗುವ ಕೆಲಸ. ನಾಲ್ಕೈದು ಸಿಕ್ಕಿದರೆ ಸೀರೆಯ ಹಿಂಬದಿ, ಮಾವಿನ ತೋರಣ, ಚೆಂಡು ಹೂವಿನ ಸರಕ್ಕೆ ನಿಲ್ಲಿಸಿ. ಇಬ್ಬರೇ ಸಿಕ್ಕಿದರೆ ಬಾಗಿಲಿಗೆ ತೋರಣ, ನೆಲಕ್ಕೆ ರಂಗೋಲಿ, ಅಷ್ಟು ಸಾಕು. ಉಳಿದದ್ದನ್ನು ಹಣ ಕೊಟ್ಟು ಮಾಡಿಸಿ ಅಥವಾ ಬಿಟ್ಟುಬಿಡಿ. ಬಂದವರ ಹೆಸರಿನ ಆ ಹಾಳೆಯನ್ನು ಮಾತ್ರ ಕಳೆಯಬೇಡಿ. ಅವರ ಮನೆಯಲ್ಲಿ ಮದುವೆ ಗೊತ್ತಾದ ದಿನ ಕತ್ತರಿ, ಸೂಜಿ ಹಿಡಿದು ನೀವು ಹೊರಡಬೇಕು.